ಎರಡೂ ತುದಿ ಕಾಣದ ವೈರು

ಮುಂಡರಗಿ ತಾಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಸೇತುವೆ ದಾಟಿದರೆ ಹೂವಿನಹಡಗಲಿ ತಾಲೂಕು. ಈಚೆ ದಂಡೆಗೆ ಕರೆಂಟ್ ಕೊಡುವುದು ಹೆಸ್ಕಾಂ, ಆಚೆ ದಂಡೆಗೆ ಜೆಸ್ಕಾಂ. ಕಂಪನಿ ಬೇರೆಯಾದರೂ ಎರಡೂ ಕಡೆಯ ಹಳೇ ಮನೆಗಳ ಹೊರಗೋಡೆ ಒಂದೇ ಕಥೆ ಹೇಳುತ್ತದೆ. ಮಾಳಿಗೆ ಮನೆಯ ಕಲ್ಲು-ಮಣ್ಣಿನ ಗೋಡೆ, ತಲೆಬಾಗಿಲ ಮೇಲೆ ರೀಪರ್ ಪಟ್ಟಿಗೆ ಕ್ಲಿಪ್ ಹೊಡೆದು ಕೂರಿಸಿದ ಕಪ್ಪು ವೈರು, ಅದರ ಪಕ್ಕದಲ್ಲಿ ಆಮೇಲೆ ಬಂದ ಪಿವಿಸಿ ಪೈಪು, ಬೆಳಕಿಂಡಿಯಿಂದ ಇಳಿಬಿದ್ದ ಎರಡೆಳೆ ವೈರು, ಯಾವಾಗಲೋ ನಿಂತುಹೋದ ಟಿವಿ ಕೇಬಲ್ಲು, ಲ್ಯಾಂಡ್‌ಲೈನ್ ಫೋನಿನ ತಂತಿ, ಗಣಪತಿ ಹಬ್ಬಕ್ಕೆ ಸೀರಿಯಲ್ ಸೆಟ್ ತೂಗುಹಾಕಲು ಹೊಡೆದ ಮೊಳೆಗಳು. 1979-80ರ ಸುಮಾರಿಗೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕ ಬಂದಾಗಿನಿಂದ ಇವತ್ತಿನ ಎಲ್‌ಇಡಿವರೆಗೆ ಬಂದದ್ದೆಲ್ಲ ಗೋಡೆಯ ಮೇಲೆ ಒಂದರ ಮೇಲೊಂದು ಉಳಿದಿದೆ. ಹೊಸದನ್ನು ಎಳೆಯುವವರಿಗೆ ಹಣ ಸಿಗುತ್ತದೆ, ಹಳೆಯದನ್ನು ತೆಗೆಯಲು ಯಾರೂ ಹಣ ಕೊಡುವುದಿಲ್ಲ. ಹಾಗಾಗಿ ಅದು ಅಲ್ಲೇ ಇರುತ್ತದೆ.

ಮನೆಯಲ್ಲಿ ಮದುವೆ ನಿಶ್ಚಯವಾದಾಗ ಅಥವಾ ದೀಪಾವಳಿ ಹತ್ತಿರ ಬಂದಾಗ ಸುಣ್ಣ-ಬಣ್ಣದ ಮಾತು ಬರುತ್ತದೆ. ಆಗ ಮನೆಯ ಹುಡುಗನೊಬ್ಬ ಏಣಿ ಹಾಕಿ, ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ಹತ್ತುತ್ತಾನೆ. ನಾನು ಬರೆಯುತ್ತಿರುವುದು ಆ ಹುಡುಗನಿಗಾಗಿ, ಕೆಳಗೆ ಏಣಿ ಹಿಡಿದು ನಿಂತ ಅವನ ತಾಯಿಗಾಗಿ. ಆ ಹೊತ್ತಿನಲ್ಲಿ ಅಂಗಳದಲ್ಲಿ ಕೇಳಿಬರುವ ಮಾತುಗಳನ್ನೇ ಒಂದೊಂದಾಗಿ ಎತ್ತಿಕೊಂಡು ಅವುಗಳಲ್ಲಿ ನಿಜವೆಷ್ಟು ಎಂದು ನೋಡುತ್ತೇನೆ.

"ಅದು ಅಪ್ಪನ ಕಾಲದ ವೈರು, ಅದರಾಗ ಎಲ್ಲಿ ಕರೆಂಟ್ ಇರ್ತೈತಿ?"

ಎಲ್ಲಕ್ಕಿಂತ ಹೆಚ್ಚು ಕೇಳುವ ಮಾತು ಇದು, ಎಲ್ಲಕ್ಕಿಂತ ಅಪಾಯದ್ದೂ ಇದೇ. ವೈರಿನ ವಯಸ್ಸಿಗೂ ಅದರಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂಬುದಕ್ಕೂ ಸಂಬಂಧವಿಲ್ಲ. ಬಲ್ಬ್ ಕಿತ್ತು ಹೋಲ್ಡರ್ ತೆಗೆದು ತುದಿಗೆ ಟೇಪ್ ಸುತ್ತಿ ಬಿಟ್ಟಿದ್ದರೆ ಆ ತುದಿಯಲ್ಲಿ ಬೆಳಕಿಲ್ಲ, ಅಷ್ಟೇ. ಇನ್ನೊಂದು ತುದಿ ಮೀಟರ್ ಬೋರ್ಡಿನಲ್ಲಿ ಕೂತಿದ್ದರೆ 230 ವೋಲ್ಟ್ ಆ ಟೇಪಿನವರೆಗೂ ಬಂದು ನಿಂತಿರುತ್ತದೆ. ಬಲ್ಬ್ ಇಲ್ಲದ್ದರಿಂದ ಕರೆಂಟ್ ಹರಿಯುತ್ತಿಲ್ಲ. ಕೈ ತಾಗಿದರೆ ಹರಿಯುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕೂ ಸೇರಿಕೊಂಡಿದೆ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಪಡಸಾಲೆಯ ನಡುವೆ ಗೋಡೆ ಏಳುತ್ತದೆ, ಎರಡು ಮೀಟರ್ ಬರುತ್ತವೆ. ಪಾಲು ಹಂಚುವಾಗ ಹೊಲ, ಎತ್ತು, ಪಾತ್ರೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ವೈರಿನ ಲೆಕ್ಕ ಯಾರೂ ಮಾಡುವುದಿಲ್ಲ. ದನದ ಕೊಟ್ಟಿಗೆಗೆ ಹೋಗುವ ಹಳೇ ಲೈನು ತಮ್ಮನ ಗೋಡೆಯ ಮೇಲೆ ಹಾದು ಅಣ್ಣನ ಮೀಟರಿನಿಂದ ಕರೆಂಟ್ ತಗೊಳ್ಳುತ್ತಲೇ ಇರುತ್ತದೆ. ತಮ್ಮ ತನ್ನ ಮನೆಯ ಮೇನ್ ಬಂದ್ ಮಾಡಿ ಏಣಿ ಹತ್ತಿದರೂ ಅವನ ಕೈಯಲ್ಲಿರುವ ವೈರಿನಲ್ಲಿ ಅಣ್ಣನ ಮನೆಯ ಕರೆಂಟ್ ಇರುತ್ತದೆ. ಜಾತ್ರೆಗೆ, ಗಣಪತಿಗೆ ಅಂತ ಓಣಿಯ ಒಂದು ಮನೆಯಿಂದ ಎಳೆದು ಹಬ್ಬ ಮುಗಿದ ಮೇಲೆ ಅರ್ಧ ಮಾತ್ರ ಬಿಚ್ಚಿದ ವೈರುಗಳ ಕಥೆಯೂ ಹೀಗೆಯೇ.

ಆದ್ದರಿಂದ ನಾನು ನಂಬುವ ನಿಯಮ ಒಂದೇ: ವೈರಿನ ಎರಡೂ ತುದಿ ಕಣ್ಣಿಗೆ ಕಾಣುವವರೆಗೆ ಅದರಲ್ಲಿ ಕರೆಂಟ್ ಇದೆ ಎಂದೇ ತಿಳಿಯಬೇಕು. ಗೋಡೆಯೊಳಗೆ ಹೊಕ್ಕಲ್ಲಿ, ಬೆಳಕಿಂಡಿಯಲ್ಲಿ ಮರೆಯಾದಲ್ಲಿ, ಜಂತಿಯ ಸಂದಿಯಲ್ಲಿ ಇಳಿದಲ್ಲಿ ಅದು ಮತ್ತೆ ಎಲ್ಲಿ ಹೊರಬರುತ್ತದೆ ಎಂದು ಒಳಗೆ ಹೋಗಿ ನೋಡಬೇಕು, ನೆರೆಮನೆಯ ಕಾಕಾನನ್ನು ಕೇಳಬೇಕು. ಈ ಹುಡುಕಾಟ ಅರ್ಧ ದಿನ ತಿಂದರೂ ತಿನ್ನಲಿ. ವೈರು ತೆಗೆಯುವ ಕೆಲಸದಲ್ಲಿ ಹೆಚ್ಚಿನ ಪಾಲು ಇದೇ. ಕತ್ತರಿಸುವುದಕ್ಕೆ ನಿಮಿಷ ಸಾಕು.

"ಟೆಸ್ಟರ್ ಹಚ್ಚಿ ನೋಡೀನಿ, ಹತ್ತಲಿಲ್ಲ"

ಸ್ಕ್ರೂಡ್ರೈವರಿನಂಥ ಟೆಸ್ಟರಿನೊಳಗೆ ಒಂದು ಪುಟ್ಟ ನಿಯಾನ್ ದೀಪ, ಅದರ ಜೊತೆ ಬಹಳ ದೊಡ್ಡ ರೆಸಿಸ್ಟರ್ ಇರುತ್ತದೆ. ವೈರಿನಿಂದ ಆ ದೀಪದ ಮೂಲಕ, ಹಿಂದಿನ ಲೋಹದ ಬಿರಡೆಯನ್ನು ಮುಟ್ಟಿದ ಬೆರಳಿನ ಮೂಲಕ, ಮೈಯಿಂದ ನೆಲಕ್ಕೆ ಒಂದು ಮಿಲಿಆಂಪಿಗಿಂತ ಕಡಿಮೆ ಕರೆಂಟ್ ಹರಿದಾಗ ದೀಪ ಹತ್ತುತ್ತದೆ. ದೀಪ ಹತ್ತಬೇಕಾದರೆ ನಾವೂ ಆ ದಾರಿಯ ಭಾಗವಾಗಬೇಕು. ಒಣಗಿದ ಮರದ ಏಣಿಯ ಮೇಲೆ, ರಬ್ಬರ್ ಚಪ್ಪಲಿ ಹಾಕಿ ನಿಂತವನಿಗೆ ಆ ದಾರಿ ಬಹುಪಾಲು ಕಡಿದುಹೋಗಿರುತ್ತದೆ, ದೀಪ ಮಂಕಾಗುತ್ತದೆ. ಅದರ ಮೇಲೆ ಮುಂಡರಗಿಯ ಬಿಸಿಲು. ಹೊರಗೋಡೆಗೆ ಬಿಸಿಲು ಬಿದ್ದಾಗ ಆ ಕೆಂಪು ಮಿಣುಕು ಚೆನ್ನಾಗಿ ಹತ್ತಿದರೂ ಕಣ್ಣಿಗೆ ಕಾಣುವುದಿಲ್ಲ. ಟೆಸ್ಟರಿನ ದೀಪವೇ ಸುಟ್ಟುಹೋಗಿರಬಹುದು. ಹಳೇ ಅಲ್ಯೂಮಿನಿಯಂ ತಂತಿಯ ಮೇಲೆ ಕಟ್ಟಿದ ಬಿಳಿ ಪದರದಿಂದಾಗಿ ಮೊನೆ ಲೋಹವನ್ನು ಮುಟ್ಟದೆಯೂ ಇರಬಹುದು.

ಟೆಸ್ಟರ್ ಹತ್ತಿದರೆ ಕರೆಂಟ್ ಇದೆ ಎಂದು ನಂಬಿ. ಹತ್ತದಿದ್ದರೆ ಇನ್ನೂ ಏನೂ ತಿಳಿದಿಲ್ಲ ಎಂದು ನಂಬಿ. ಬಲ್ಲ ವೈರ್‌ಮನ್‌ಗಳು ಮಲ್ಟಿಮೀಟರನ್ನು ಬಳಸುತ್ತಾರೆ, ಅದಕ್ಕೂ ಒಂದು ಕ್ರಮವಿದೆ. ಮೊದಲು ಕರೆಂಟ್ ಇದೆ ಎಂದು ಖಚಿತವಾಗಿ ಗೊತ್ತಿರುವ ಪ್ಲಗ್ಗಿನಲ್ಲಿ ಮೀಟರ್ ಪರೀಕ್ಷಿಸುವುದು, ಆಮೇಲೆ ಹಳೇ ವೈರಿನಲ್ಲಿ ನೋಡುವುದು, ಕೊನೆಗೆ ಮತ್ತೆ ಅದೇ ಪ್ಲಗ್ಗಿಗೆ ಹೋಗಿ ಮೀಟರ್ ಇನ್ನೂ ಸರಿಯಿದೆಯೇ ಎಂದು ನೋಡುವುದು. ವೈರಿನಲ್ಲಿ ನೋಡುವಾಗಲೂ ಎರಡು ಎಳೆಗಳ ನಡುವೆ, ಆಮೇಲೆ ಒಂದೊಂದು ಎಳೆಗೂ ಅರ್ಥಿಂಗಿಗೂ ನಡುವೆ ನೋಡಬೇಕು. ನ್ಯೂಟ್ರಲ್ ಎಲ್ಲೋ ಕಡಿದುಹೋಗಿದ್ದರೆ ಎರಡೆಳೆಗಳ ನಡುವೆ ಸೊನ್ನೆ ತೋರಿಸಿ, ಅರ್ಥಿಂಗಿಗೆ ಹಿಡಿದಾಗ ಪೂರ್ತಿ 230 ತೋರಿಸುವುದುಂಟು.

"ಮೇನ್ ಬಂದ್ ಮಾಡೀನಿ, ಇನ್ನ ಅಂಜೂದೇನು?"

ಮೇನ್ ಬಂದ್ ಮಾಡುವುದು ಸರಿಯಾದ ಕೆಲಸ. ಆದರೆ ಅದು ತನ್ನ ಮುಂದಿನ ವೈರಿಂಗನ್ನು ಮಾತ್ರ ನಿಲ್ಲಿಸುತ್ತದೆ. ಕಂಬದಿಂದ ಮೀಟರಿನವರೆಗೆ ಬರುವ ಸರ್ವಿಸ್ ವೈರಿನಲ್ಲಿ ಮೇನ್ ಬಂದ್ ಇದ್ದರೂ ಕರೆಂಟ್ ಇದ್ದೇ ಇರುತ್ತದೆ. ಮಾಳಿಗೆಯ ಮೇಲಿನ ಕಬ್ಬಿಣದ ಪೈಪಿನೊಳಗೆ ಇಳಿದು ಬರುವ ಆ ವೈರಿಗೆ ಮನೆಯೊಳಗಿನ ಯಾವ ಸ್ವಿಚ್ಚಿನ ಹಿಡಿತವೂ ಇಲ್ಲ.

ಯುಪಿಎಸ್ ಇದ್ದ ಮನೆಯಲ್ಲಿ ಇನ್ನೊಂದು ಮಾತು. ಮೇನ್ ಇಳಿಸಿದ ಕೂಡಲೇ ಯುಪಿಎಸ್ ತನ್ನ ಬ್ಯಾಟರಿಯಿಂದ ಅದೇ 230 ವೋಲ್ಟನ್ನು ತನ್ನ ಲೈನಿಗೆ ಕೊಡತೊಡಗುತ್ತದೆ. ಕಟ್ಟೆಯ ದೀಪ, ಅಂಗಳದ ದೀಪ ಸಾಮಾನ್ಯವಾಗಿ ಆ ಲೈನಿನಲ್ಲೇ ಇರುತ್ತವೆ, ಹೊರಗೋಡೆಯ ಹಳೇ ವೈರೂ ಅಲ್ಲಿಂದಲೇ ಹೊರಟಿರಬಹುದು. ಯುಪಿಎಸ್ಸನ್ನೂ ಆರಿಸಿ, ಅದರಿಂದ ಮನೆಯ ವೈರಿಂಗಿಗೆ ಹೋಗುವ ಸಂಪರ್ಕವನ್ನೂ ಬಿಡಿಸಬೇಕು. ಬರೀ ದೀಪದ ಸ್ವಿಚ್ಚು ಆರಿಸಿ ಹತ್ತುವವರೂ ಇದ್ದಾರೆ. ಹಳೇ ವೈರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲಿಗೆ ಕೂತಿರುವುದು ಅಪರೂಪವಲ್ಲ. ಅಲ್ಲಿ ಸ್ವಿಚ್ಚು ಆರಿಸಿದರೆ ದೀಪ ಆರುತ್ತದೆ, ಹೋಲ್ಡರಿನವರೆಗೆ ಫೇಸ್ ಹಾಗೆಯೇ ಇರುತ್ತದೆ.

ಲೋಡ್ ಶೆಡ್ಡಿಂಗ್ ಹೊತ್ತು ನೋಡಿ ಕೆಲಸಕ್ಕೆ ಇಳಿಯುವುದಂತೂ ಬೇಡವೇ ಬೇಡ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ ಆದ ಮೇಲೆ ಹೊಲದ ತ್ರೀಫೇಸ್ ಹೋದರೆ ಮನೆಯದೂ ಹೋಯಿತು ಎಂಬ ಹಳೇ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಹೋದ ಕರೆಂಟ್ ಯಾರಿಗೂ ಹೇಳಿ ಬರುವುದಿಲ್ಲ. ಪಿಂಗಾಣಿ ಫ್ಯೂಸ್ ಇದ್ದರೆ ಅದನ್ನು ಕಿತ್ತು ಏಣಿ ಹತ್ತುವವನೇ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಒಳಗಿನಿಂದ ಯಾರೋ "ಕರೆಂಟ್ ಯಾಕ ಬಂದಿಲ್ಲ?" ಎಂದು ಬಂದು ಮೇನ್ ಎತ್ತಿಬಿಡುತ್ತಾರೆ.

"ಎಂಸಿಬಿ ಐತಿ, ಶಾಕ್ ಹೊಡದ್ರ ತಾನ ಬೀಳ್ತೈತಿ"

ಬೀಳುವುದಿಲ್ಲ. ಈ ತಪ್ಪು ತಿಳಿವಳಿಕೆ ಓದಿದವರ ಮನೆಯಲ್ಲೂ ಇರುವುದರಿಂದ ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ.

ಕೈಯಿಂದ ಕಾಲಿನವರೆಗೆ ಮನುಷ್ಯನ ಮೈಯ ತಡೆ ಈ ವೋಲ್ಟೇಜಿಗೆ ಸುಮಾರು 1000ದಿಂದ 2000 ಓಮ್. ನಡುವಿನ 1500 ಹಿಡಿದರೆ 230 ವೋಲ್ಟಿಗೆ ಹರಿಯುವ ಕರೆಂಟ್ ಸುಮಾರು 150 ಮಿಲಿಆಂಪ್. ಮನೆಯ ದೀಪದ ಲೈನಿಗೆ ಹಾಕುವ ಚಿಕ್ಕ ಎಂಸಿಬಿ 6 ಆಂಪಿನದು, ಅಂದರೆ 6000 ಮಿಲಿಆಂಪ್, ಈ ಕರೆಂಟಿನ 40 ಪಟ್ಟು. ಒಬ್ಬ ಮನುಷ್ಯ ಸಾಯುತ್ತಿದ್ದರೂ ಎಂಸಿಬಿಗೆ ಅದು ಒಂದು ಬಲ್ಬಿನಷ್ಟು ಸಣ್ಣ ಭಾರ. ಇತ್ತ ಮೈಗೆ ಆಗುವುದೇನು? ಸುಮಾರು 10 ಮಿಲಿಆಂಪಿಗೇ ಕೈಯ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. "ಕರೆಂಟ್ ಹಿಡಕೊಂತು" ಎನ್ನುತ್ತೇವಲ್ಲ, ಹಿಡಿದುಕೊಂಡಿರುವುದು ಅವನದೇ ಕೈ. ಹತ್ತಾರು ಮಿಲಿಆಂಪ್ ಎದೆಯ ಮೂಲಕ ಹಾದರೆ ಹೃದಯದ ಬಡಿತ ತಾಳ ತಪ್ಪಿ ನಿಲ್ಲಬಹುದು. ಎಂಸಿಬಿ, ಫ್ಯೂಸು ಇರುವುದು ವೈರು ಕಾದು ಬೆಂಕಿ ಹತ್ತದಿರಲಿ ಎಂದು.

ಮನುಷ್ಯನನ್ನು ಕಾಯಲು ಇರುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪ್ ವ್ಯತ್ಯಾಸ ಬಂದರೆ ಅದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಲೈನ್ ಕಡಿಯುತ್ತದೆ. ಗೋಡೆಯ ಹಳೇ ವೈರು ತೆಗೆಸುವ ನೆಪದಲ್ಲಾದರೂ ಮನೆಗೆ ಒಂದು ಆರ್‌ಸಿಸಿಬಿ ಹಾಕಿಸಿ ಎಂದು ಕೈಮುಗಿದು ಕೇಳುತ್ತೇನೆ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತಿರಬೇಕು. ಅದಕ್ಕೂ ಮಿತಿಯುಂಟು: ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಗುರುತಿಸುವುದಿಲ್ಲ. ಸರ್ವಿಸ್ ವೈರಿನ ಮೇಲೆ ಅದಕ್ಕೆ ಅಧಿಕಾರವಿಲ್ಲ. ಅಣ್ಣನ ಮೀಟರಿನಿಂದ ಬಂದ ಲೈನಿನ ಮೇಲೂ ಇಲ್ಲ.

ಇದರ ಜೊತೆಗೇ ಬರುವ ಇನ್ನೊಂದು ನಂಬಿಕೆಯಿದೆ. ಶಾಕ್ ಹೊಡೆದವನ ಮೈಯಲ್ಲಿ ಕರೆಂಟ್ ಉಳಿದಿರುತ್ತದೆ, ಮಣ್ಣಿನಲ್ಲಿ ಹೂತರೆ ಅಥವಾ ಮರಳು ತಿಕ್ಕಿದರೆ ಇಳಿಯುತ್ತದೆ ಎನ್ನುತ್ತಾರೆ. ವೈರಿನಿಂದ ಬಿಡಿಸಿದ ಮರುಕ್ಷಣವೇ ಮೈಯಲ್ಲಿ ಯಾವ ಕರೆಂಟೂ ಇರುವುದಿಲ್ಲ. ಹೂಳಲು ಕಳೆದ ಒಂದೊಂದು ನಿಮಿಷವೂ ಜೀವದ್ದು. ಮೊದಲು ಮೇನ್ ಬಂದ್ ಮಾಡಿ. ಅದು ಆಗದಿದ್ದರೆ ಒಣ ಬಡಿಗೆಯಿಂದ ವೈರನ್ನು ದೂರ ಸರಿಸಿ, ಅವನನ್ನು ಬರಿಗೈಯಲ್ಲಿ ಮುಟ್ಟಬೇಡಿ. ಉಸಿರು ಕಾಣದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಎದೆಯ ನಡುವೆ ಎರಡೂ ಅಂಗೈಯಿಟ್ಟು ನಿಮಿಷಕ್ಕೆ 100ರಿಂದ 120ರಂತೆ, ಎದೆ ಸುಮಾರು 5 ಸೆಂಟಿಮೀಟರ್ ಕುಸಿಯುವಷ್ಟು ಒತ್ತುತ್ತಲೇ ಇರಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೆ ಒತ್ತುವುದನ್ನು ನಿಲ್ಲಿಸಬಾರದು. ಎದ್ದು ಕೂತು "ಏನಿಲ್ಲ, ಅರಾಮ ಅದೀನಿ" ಎಂದವನನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು, ಹೃದಯದ ತೊಂದರೆ ತಡವಾಗಿಯೂ ಕಾಣಿಸಿಕೊಳ್ಳಬಹುದು.

"ರಬ್ಬರ್ ಚಪ್ಪಲಿ ಹಾಕ್ಕೊಂಡೀನಿ, ಬಿಡು"

ಸವೆದ ಚಪ್ಪಲಿ, ಅದರ ಅಡಿಗೆ ಚುಚ್ಚಿಕೊಂಡ ಮುಳ್ಳು-ಮೊಳೆ, ಬೆವರಿದ ಅಂಗಾಲು, ಇವೆಲ್ಲ ಸೇರಿದರೆ ಅದರ ರಕ್ಷಣೆ ಎಷ್ಟೆಂದು ಯಾರೂ ಹೇಳಲಾರರು. ಅದಕ್ಕಿಂತ ಮುಖ್ಯವಾಗಿ, ಏಣಿಯ ಮೇಲಿರುವವನು ಇನ್ನೊಂದು ಕೈಯಿಂದ ಗೋಡೆ ಹಿಡಿದಿರುತ್ತಾನೆ. ಮಣ್ಣಿನ ಗೋಡೆ ಮಳೆ ಕುಡಿದ ಮೇಲೆ ನೆಲದಷ್ಟೇ ಸಲೀಸಾಗಿ ಕರೆಂಟ್ ಹರಿಯಬಿಡುತ್ತದೆ. 2009ರ ಸೆಪ್ಟೆಂಬರ್ ಕೊನೆಯ ಆ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಸಾಲುಸಾಲಾಗಿ ಮಣ್ಣಿನ ಮನೆಗಳು ಕುಸಿದದ್ದನ್ನು ಕಂಡವರಿಗೆ ಗೋಡೆ ಎಷ್ಟು ನೀರು ಹಿಡಿಯಬಲ್ಲದು ಎಂದು ಹೇಳಬೇಕಾಗಿಲ್ಲ. ಕರೆಂಟಿಗೆ ಕಾಲಿನ ದಾರಿಯೇ ಬೇಕೆಂದಿಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ಹೋದರೆ ಅದು ಎದೆಯ ಮೂಲಕವೇ ಹಾದುಹೋಗುತ್ತದೆ.

ವೈರಿನ ಮೇಲಿನ ಪ್ಲಾಸ್ಟಿಕ್ಕನ್ನೂ ನಂಬುವಂತಿಲ್ಲ. ಹೊರಗೋಡೆಯ ಪಿವಿಸಿ ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಗಡುಸಾಗಿ, ಬಗ್ಗಿಸಿದರೆ ಬಿರಿಯುತ್ತದೆ. ಇನ್ನೂ ಹಳೆಯ ರಬ್ಬರ್ ಹೊದಿಕೆಯದಾದರೆ ಮುಟ್ಟಿದಲ್ಲೆಲ್ಲ ಪುಡಿಯಾಗಿ ಉದುರುತ್ತದೆ. ಗೋಡೆಗೆ ಅಂಟಿಕೊಂಡು ಸುಮ್ಮನಿದ್ದಷ್ಟು ದಿನ ಸರಿಯಿದ್ದ ವೈರು ಎಳೆದ ಕ್ಷಣದಲ್ಲೇ ಬೆತ್ತಲೆಯಾಗುತ್ತದೆ. ಇನ್ನು ರೀಪರ್ ಪಟ್ಟಿಯ ಹಿಂದೆ ಗೆದ್ದಲು ಮಾತ್ರ ಇರುತ್ತದೆ ಎಂದುಕೊಳ್ಳಬೇಡಿ, ಚೇಳೂ ಇರುತ್ತದೆ. ದಪ್ಪನೆಯ ಕೈಗವಸು ಹಾಕಿಕೊಂಡೇ ಪಟ್ಟಿಗೆ ಕೈಯಿಡಿ.

"ವೈರು ಬಿಚ್ಚಿದ್ವಿ, ಬರೀ ತಂತಿ ಇರ್ಲಿ, ಅರಿವಿ ಒಣಾ ಹಾಕಾಕ ಬರ್ತೈತಿ"

ಈ ಮಾತನ್ನು ನಿಲ್ಲಿಸಲು ಸಾಧ್ಯವಾದರೆ ಉಳಿದದ್ದನ್ನೆಲ್ಲ ಬರೆಯದಿದ್ದರೂ ನಡೆಯುತ್ತಿತ್ತು.

ಸರ್ವಿಸ್ ವೈರಿನ ಭಾರ ಹೊರಲು ಕಂಬದಿಂದ ಮನೆಯವರೆಗೆ ಒಂದು ಕಬ್ಬಿಣದ ತಂತಿ ಬಿಗಿದಿರುತ್ತಾರೆ. ಸಂಪರ್ಕ ಬೇರೆ ಕಡೆಗೆ ಸರಿದ ಮೇಲೆ ಹಲವು ಮನೆಗಳಲ್ಲಿ ಆ ತಂತಿ ಅಥವಾ ಅದರ ಕೊಕ್ಕೆ ಉಳಿದುಬಿಡುತ್ತದೆ. ಒಂದು ತುದಿ ಸರ್ವಿಸ್ ಪೈಪಿಗೆ, ಇನ್ನೊಂದು ತುದಿ ಕಿಟಕಿಯ ಸರಳಿಗೋ ಬಚ್ಚಲ ತಗಡಿಗೋ ಕಟ್ಟಿದರೆ ಬಟ್ಟೆ ಹಾಕುವ ತಂತಿ ತಯಾರು. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ಎಂಥದ್ದು ಎಂದು ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ಆ ಗಾಳಿಗೆ ತೂಗಾಡುವ ಸರ್ವಿಸ್ ವೈರು ಪೈಪಿನ ಬಾಯಿಗೆ, ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಒಂದು ದಿನ ಹೊದಿಕೆ ಹರಿಯುತ್ತದೆ. ಅಂದಿನಿಂದ ಪೈಪು, ಅದಕ್ಕೆ ಕಟ್ಟಿದ ತಂತಿ, ತಗಡು, ಕಿಟಕಿಯ ಸರಳು ಎಲ್ಲದರಲ್ಲೂ ಕರೆಂಟ್. ಒಣ ನೆಲ, ಒಣ ಬಟ್ಟೆ ಇದ್ದಾಗ ಯಾರಿಗೂ ತಿಳಿಯದೆ ಹೋಗಬಹುದು. ಮಳೆ ಬಿದ್ದ ಬೆಳಿಗ್ಗೆ ಬರಿಗಾಲಲ್ಲಿ ಹಸಿ ಅಂಗಳದಲ್ಲಿ ನಿಂತು, ಎರಡೂ ಕೈಯಿಂದ ಒದ್ದೆ ಸೀರೆ ಹರವುವ ಹೆಂಗಸಿಗೆ ತಿಳಿಯುತ್ತದೆ. ಬಿಡಿಸಲು ಓಡಿಬಂದ ಮಗನಿಗೂ ತಿಳಿಯುತ್ತದೆ. ಮಳೆಗಾಲದಲ್ಲಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದೇ ಮನೆಯ ಇಬ್ಬರು ಹೀಗೆ ಹೋದ ಸುದ್ದಿಯನ್ನು ಓದದವರು ಇಲ್ಲ.

ಗೋಡೆಯ ಹಳೇ ಸಾಮಾನಿನಲ್ಲಿ ಮೊದಲು ತೆಗೆಯಬೇಕಾದದ್ದು ವೈರಿಗಿಂತಲೂ ಇಂಥ ತಂತಿ ಮತ್ತು ಕೊಕ್ಕೆ. ಬಟ್ಟೆಗೆ ನೈಲಾನ್ ಹಗ್ಗ ಸಾಕು. ಅದನ್ನೂ ಸರ್ವಿಸ್ ಪೈಪಿಗೆ, ಮೀಟರ್ ಇರುವ ಗೋಡೆಗೆ, ತಗಡಿಗೆ ಕಟ್ಟಬಾರದು. ಒದ್ದೆಯಾದ ಹಗ್ಗವೂ ಪೂರ್ತಿ ನಿರಪಾಯವಲ್ಲ. ತಗಡಿನ ಶೆಡ್ಡಿನ ಮೇಲೆ ಯಾವುದೇ ವೈರು ಮಲಗಿದ್ದರೆ, ಅದರಲ್ಲಿ ಕರೆಂಟ್ ಇರಲಿ ಬಿಡಲಿ, ಅಲ್ಲಿಂದ ಎತ್ತಿಸಿ.

"ನೆಲಕ್ಕ ಹೋಗೈತಲ್ಲ, ಆ ತಂತಿ ದಂಡ"

ಮೀಟರ್ ಬೋರ್ಡಿನಿಂದ ಗೋಡೆಗುಂಟ ಇಳಿದು ಮಣ್ಣಿನೊಳಗೆ ಹೋಗುವ ಬರಿಯ ಕಬ್ಬಿಣದ ತಂತಿ ನೋಡಲು ಉಪಯೋಗವಿಲ್ಲದ್ದೇ. ಅದಕ್ಕೆ ಬಲ್ಬಿಲ್ಲ, ಸ್ವಿಚ್ಚಿಲ್ಲ. ಬಣ್ಣ ಬಳಿಯುವವರು ಅಡ್ಡ ಬಂತೆಂದು ಕತ್ತರಿಸಿ ಎಸೆಯುವುದು ಇದನ್ನೇ. ಅದು ಅರ್ಥಿಂಗ್. ಮಿಕ್ಸಿಯ, ಗೀಸರಿನ, ಮೋಟರಿನ ಹೊರಮೈಗೆ ಫೇಸ್ ತಾಗಿದಾಗ ಅದನ್ನು ಮಣ್ಣಿಗೆ ಇಳಿಸಿ ಫ್ಯೂಸ್ ಹಾರಿಸುವ ದಾರಿ. ಅದನ್ನು ಕತ್ತರಿಸಿದ ದಿನ ಏನೂ ಆಗುವುದಿಲ್ಲ, ಎಲ್ಲ ದೀಪಗಳೂ ಹತ್ತುತ್ತವೆ. ಹಾಗಾಗಿಯೇ ಆ ತಪ್ಪು ಬಹಳ ಕಾಲ ಯಾರ ಗಮನಕ್ಕೂ ಬರುವುದಿಲ್ಲ.

ಮಣ್ಣಿನಲ್ಲಿ ಹೂತ ಪೈಪಿನ ಸುತ್ತ ಇದ್ದಿಲು-ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕುವ ರೂಢಿ ಬಹಳ ಮನೆಗಳಲ್ಲಿ ಬಿಟ್ಟುಹೋಗಿದೆ. ಇನ್ನು ಕೆಲವು ಹಳೇ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ಕಬ್ಬಿಣದ ನಳದ ಪೈಪಿಗೆ ಸುತ್ತಿರುತ್ತಾರೆ. ನಳದ ಪೈಪನ್ನು ಪ್ಲಾಸ್ಟಿಕ್ಕಿಗೆ ಬದಲಿಸಿದ ದಿನವೇ ಅಲ್ಲಿ ಅರ್ಥಿಂಗ್ ಹೋಗಿದೆ, ತಂತಿ ಮಾತ್ರ ಉಳಿದಿದೆ. ಆ ತಂತಿಯನ್ನು ತೆಗೆಯಬಹುದು, ಬೇರೆ ಅರ್ಥಿಂಗ್ ಹಾಕಿಸಿದ ಮೇಲೆ.

"ಫೋನಿನ ವೈರು, ಡಿಶ್ ವೈರು ಏನೂ ಮಾಡೂದಿಲ್ಲ"

ಇದು ಅರ್ಧ ಸತ್ಯ. ಲ್ಯಾಂಡ್‌ಲೈನಿನಲ್ಲಿ ಸುಮಾರು 48 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ ಇನ್ನೂ ಹೆಚ್ಚು. ಡಿಶ್ ಕೇಬಲ್ಲಿನಲ್ಲಿ 13 ಅಥವಾ 18 ವೋಲ್ಟ್. ಇವು ತಾವಾಗಿ ಜೀವ ತೆಗೆಯುವವಲ್ಲ. ಅಪಾಯ ಇರುವುದು ಅವು ಹಾದುಬರುವ ದಾರಿಯಲ್ಲಿ. ಟಿವಿ ಕೇಬಲ್ಲನ್ನು ವಿದ್ಯುತ್ ಕಂಬದಿಂದ ಕಂಬಕ್ಕೆ ಎಳೆದಿರುತ್ತಾರೆ, ಅದರೊಳಗಿನ ಲೋಹದ ಜಾಲರಿ ಎಲ್ಲೋ ಒಂದು ಕಂಬದ ಮೇಲೆ ಲೈನಿಗೆ ತಾಗಿದ್ದರೆ ನಮ್ಮ ಗೋಡೆಯ ತುದಿಯಲ್ಲೂ ಅದೇ ವೋಲ್ಟೇಜು. ಕೆಳಗೆ ನಿಂತು ಜಗ್ಗಿದರೆ ಮೇಲೆ ಬರಿ ತಂತಿಗಳ ಮೇಲೆ ಹೋಗಿ ಬೀಳಬಹುದು. ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿನ ಮಳೆಯ ಹೊತ್ತಿನಲ್ಲಿ ಇವುಗಳ ಹತ್ತಿರವೂ ಹೋಗಬಾರದು. ಕೇಬಲ್ ಆಪರೇಟರಿಗೇ ಹೇಳಿ ಕಂಬದ ಕಡೆಯಿಂದ ಬಿಡಿಸಿಕೊಳ್ಳುವುದು ಲೇಸು.

"ಮನಿ ನಂದು, ಗ್ವಾಡಿ ನಂದು, ವೈರೂ ನಂದ"

ಮೀಟರಿನ ಮುಂದಿನದು ನಿಮ್ಮದು. ಕಂಬದಿಂದ ಮೀಟರಿನವರೆಗಿನದಕ್ಕೆ ಹೆಸ್ಕಾಂ ಸಿಬ್ಬಂದಿ ಬಿಟ್ಟು ಬೇರೆ ಯಾರೂ ಕೈ ಹಾಕುವಂತಿಲ್ಲ. ಅವರ ಲೈನನ್ನು ಅಪ್ರಾಮಾಣಿಕವಾಗಿ ಕತ್ತರಿಸಿ ಒಯ್ಯುವುದು ವಿದ್ಯುತ್ ಕಾಯ್ದೆ 2003ರ 136ನೇ ಕಲಮಿನ ಪ್ರಕಾರ ಅಪರಾಧ. ಪಾಳುಬಿದ್ದ ಮನೆಯ ಹಳೇ ಸರ್ವಿಸ್ ವೈರು, ಯಾರೂ ಬಳಸದ ಮೀಟರು ಇದ್ದರೆ ಬಿಲ್ಲಿನ ಮೇಲಿನ ಆರ್.ಆರ್. ನಂಬರ್ ಬರೆದು ಶಾಖಾ ಕಚೇರಿಗೆ ಅರ್ಜಿ ಕೊಡಬೇಕು. ಒಂದು ಯೂನಿಟ್ ಸುಡದಿದ್ದರೂ ಸಂಪರ್ಕ ಇರುವವರೆಗೆ ನಿಗದಿತ ಶುಲ್ಕ ಏರುತ್ತಲೇ ಹೋಗುವುದರಿಂದ ಅರ್ಜಿ ಕೊಡುವುದರಲ್ಲಿ ಲಾಭವೂ ಇದೆ. ಜೋತುಬಿದ್ದ, ಹರಿದ ಸರ್ವಿಸ್ ವೈರು ಕಂಡರೆ 1912ಕ್ಕೆ ಫೋನ್ ಮಾಡಬಹುದು.

ನಿಮ್ಮ ಕಡೆಯ ವೈರಿಂಗಿನಲ್ಲೂ ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದದ್ದನ್ನು ಲೈಸೆನ್ಸ್ ಇರುವ ಗುತ್ತಿಗೆದಾರರ ಕಡೆಯವರೇ ಮಾಡಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಬೋರ್ಡಿನಲ್ಲಿ ಸಂಪರ್ಕ ಬಿಡಿಸುವ, ಪರೀಕ್ಷಿಸುವ ಕೆಲಸಕ್ಕೆ ಅಂಥವರನ್ನೇ ಕರೆಸಿ. ಅವರು ಕರೆಂಟ್ ಬರುವ ತುದಿಯನ್ನು ಮೊದಲು ಬಿಡಿಸುತ್ತಾರೆ, ಆಮೇಲೆ ಮುಂದಿನದನ್ನು ತೆಗೆಯುತ್ತಾರೆ. ದೂರದ ತುದಿಯಿಂದ ಕತ್ತರಿಸುತ್ತ ಬಂದರೆ ಪ್ರತಿ ಕಡಿತಕ್ಕೂ ಒಂದು ಬೆತ್ತಲೆ ತುದಿ ಗೋಡೆಯ ಮೇಲೆ ಉಳಿಯುತ್ತದೆ. ಕತ್ತರಿಸುವಾಗಲೂ ಒಂದು ಬಾರಿಗೆ ಒಂದೇ ಎಳೆ. ಹೀಗೆ ಬಿಡಿಸಿಕೊಟ್ಟ ಮೇಲೆ ಕ್ಲಿಪ್ಪು, ಪಟ್ಟಿ, ಪೈಪು ತೆಗೆಯುವುದು ಮನೆಯವರೇ ಮಾಡಬಹುದಾದ ಕೆಲಸ.

"ಮೊಳಿ ಜಗ್ಗು, ಸಿಮಿಟ್ ಮೆತ್ತು"

ಕಲ್ಲು-ಮಣ್ಣಿನ ಗೋಡೆಯಲ್ಲಿ ಮೊಳೆ ಕೂತಿರುವುದು ಕಲ್ಲಿನಲ್ಲಲ್ಲ, ಕಲ್ಲುಗಳ ನಡುವಿನ ಮಣ್ಣಿನ ಸಂದಿನಲ್ಲಿ ಅಥವಾ ಅಲ್ಲಿಗೆ ಬಡಿದ ಮರದ ಬೆಣೆಯಲ್ಲಿ. ಸುತ್ತಿಗೆಯ ಸೀಳು ಹಾಕಿ ಒಮ್ಮೆಲೇ ಜಗ್ಗಿದರೆ ಮೊಳೆಯೊಂದಿಗೆ ಬೊಗಸೆ ಮಣ್ಣು, ಕೆಲವೊಮ್ಮೆ ಒಂದು ಕಲ್ಲಿನ ಚಕ್ಕೆಯೂ ಬರುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ಅತ್ತಿತ್ತ ತಿರುವುತ್ತ, ಸುತ್ತಿಗೆಯ ಕೆಳಗೆ ಹಲಗೆಯ ತುಂಡು ಕೊಟ್ಟು ನಿಧಾನವಾಗಿ ಎಬ್ಬಿಸಬೇಕು. ಹಳೇ ಬೆಣೆ ಗಟ್ಟಿಯಾಗಿದ್ದರೆ ಅದನ್ನು ಬಿಟ್ಟುಬಿಡಿ, ಅದು ಗೋಡೆಯ ಭಾಗವೇ ಆಗಿದೆ. ಪ್ಲಾಸ್ಟಿಕ್ ಪ್ಲಗ್ ಆದರೆ ಅದಕ್ಕೊಂದು ಸ್ಕ್ರೂ ಅರ್ಧ ತಿರುಗಿಸಿ, ಸ್ಕ್ರೂವಿನ ತಲೆ ಹಿಡಿದು ಎಳೆದರೆ ಪ್ಲಗ್ ಜೊತೆಗೇ ಬರುತ್ತದೆ.

ಎಲ್ಲವನ್ನೂ ಕೀಳಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಕಬ್ಬಿಣದ ಮೊಳೆಯ ಮೇಲೆ ಬಣ್ಣ ಬಳಿದು ಮರೆತರೆ ಅದು ಸುಮ್ಮನಿರುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಗಾರೆ ಬಿರಿಯುತ್ತದೆ, ಬಿರುಕಿನಿಂದ ನೀರು ಇಳಿಯುತ್ತದೆ.

ಸಿಮೆಂಟಿನ ವಿಷಯದಲ್ಲಿ ನಮ್ಮ ಜನರ ಭಕ್ತಿ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಮಣ್ಣಿನ ಗೋಡೆ ನೀರು ಹೀರಿಕೊಂಡು ಮತ್ತೆ ಬಿಸಿಲಿಗೆ ಆರಿಸಿಕೊಳ್ಳುವ ಗೋಡೆ. ಅದಕ್ಕೆ ಮೆತ್ತಿದ ಸಿಮೆಂಟಿನ ಬಿಲ್ಲೆ ಆ ದಾರಿ ಮುಚ್ಚುತ್ತದೆ. ಹಿಂದೆ ನಿಂತ ತೇವ ಸುತ್ತಲಿನ ಮಣ್ಣನ್ನು ಮೆತ್ತಗೆ ಮಾಡಿ, ಎರಡು ಮಳೆಗಾಲ ಕಳೆಯುವುದರೊಳಗೆ ಬಿಲ್ಲೆ ಇಡಿಯಾಗಿ ಉದುರುತ್ತದೆ, ತೂತು ಮೊದಲಿಗಿಂತ ದೊಡ್ಡದಾಗಿರುತ್ತದೆ. ಎರೆ ನೆಲದ ಮೇಲಿನ ಮನೆಯಾದರಂತೂ ಬೇಸಿಗೆಗೆ ನೆಲ ಬಿರಿದು ಮಳೆಗೆ ಉಬ್ಬುವುದರಿಂದ ಗೋಡೆ ಅಷ್ಟಿಷ್ಟು ಅಲುಗುತ್ತಲೇ ಇರುತ್ತದೆ, ಗಡುಸಾದ ಸಿಮೆಂಟು ಆ ಅಲುಗಾಟಕ್ಕೆ ಬಗ್ಗುವುದಿಲ್ಲ. ಮಣ್ಣಿನ ಗೋಡೆಗೆ ಮಣ್ಣು, ಗಾರೆಯ ಗೋಡೆಗೆ ಸುಣ್ಣ-ಮರಳು, ಸಿಮೆಂಟಿನ ಗೋಡೆಗೆ ಸಿಮೆಂಟು. ತೂತಿನ ಸಡಿಲ ಮಣ್ಣು ಕೆರೆದು ತೆಗೆದು, ಒಳಗೆ ನೀರು ಚಿಮುಕಿಸಿ, ಒಮ್ಮೆಲೇ ತುಂಬದೆ ಎರಡು ಸಲಕ್ಕೆ ತುಂಬಬೇಕು. ವೈರು ಗೋಡೆ ದಾಟಿ ಒಳಗೆ ಹೋಗಿದ್ದ ತೂತನ್ನು ಎರಡೂ ಬದಿಯಿಂದ ಮುಚ್ಚಬೇಕು. ಹೊರಗೆ ಮಾತ್ರ ಮುಚ್ಚಿ ಒಳಗೆ ಬಿಟ್ಟರೆ ಅದು ಇಲಿಗೂ ಚೇಳಿಗೂ ಮನೆಯಾಗುತ್ತದೆ. ಇದೆಲ್ಲ ಮುಂಗಾರಿಗೆ ಮುಂಚೆ ಮುಗಿದು, ಗೋಡೆಗೆ ಆರಲು ಬಿಸಿಲು ಸಿಗುವಂತಿರಲಿ.

"ಸುಟ್ರ ತಾಂಬ್ರ ಸಿಗ್ತೈತಿ"

ಮೊದಲು ತಾಮ್ರ ಇದೆಯೇ ನೋಡಿ. ಹಳೇ ಸರ್ವಿಸ್ ವೈರುಗಳಲ್ಲಿ, ಎಷ್ಟೋ ಮನೆಯ ವೈರಿಂಗಿನಲ್ಲಿ ಕೂಡ ಇರುವುದು ಅಲ್ಯೂಮಿನಿಯಂ. ಚಾಕುವಿನಿಂದ ಕೆರೆದರೆ ಬೆಳ್ಳಗೆ ಹೊಳೆಯುತ್ತದೆ, ಕೈಗೆ ಹಗುರ. ಅಷ್ಟೇ ಗಾತ್ರದ ತಾಮ್ರ ಅದರ ಮೂರು ಪಟ್ಟಿಗೂ ಹೆಚ್ಚು ತೂಗುತ್ತದೆ.

ತಾಮ್ರವೇ ಇದ್ದರೂ ಸುಡಬಾರದು. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಸುಟ್ಟಾಗ ಏಳುವ ಕಪ್ಪು ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಅದು ಕಣ್ಣು-ಗಂಟಲಿನ ತೇವದೊಂದಿಗೆ ಸೇರಿ ಆಮ್ಲವಾಗುತ್ತದೆ. ಸರಿಯಾಗಿ ಉರಿಯದ ಕುಪ್ಪೆಯಲ್ಲಿ ಡಯಾಕ್ಸಿನ್ ಎಂಬ, ಬಹುಕಾಲ ಕರಗದೆ ಉಳಿಯುವ ವಿಷವೂ ಹುಟ್ಟುತ್ತದೆ. ಹಳೇ ಕೇಬಲ್ಲುಗಳ ಪ್ಲಾಸ್ಟಿಕ್ಕಿನಲ್ಲಿ ಸೀಸ ಬೆರೆಸುವ ರೂಢಿಯಿತ್ತು, ಅದು ಬೂದಿಯಲ್ಲಿ ಉಳಿದು ಹಿತ್ತಲಿನ ಮಣ್ಣಿಗೆ ಇಳಿಯುತ್ತದೆ. ಅಲ್ಲೇ ಕೋಳಿ ಕೆದರುತ್ತವೆ, ಮಕ್ಕಳು ಆಡುತ್ತವೆ. ಇಷ್ಟೆಲ್ಲ ಮಾಡಿ ಗುಜರಿಗೆ ಒಯ್ದರೆ ಸುಟ್ಟು ಕಪ್ಪಾದ ತಾಮ್ರಕ್ಕೆ ಹೊಳೆಯುವ ತಾಮ್ರಕ್ಕಿಂತ ಕಡಿಮೆ ದರ. ವೈರನ್ನು ಹೊದಿಕೆ ಸಮೇತ ಸುರುಳಿ ಸುತ್ತಿ ಕೊಡಿ. ಹೆಚ್ಚಿದ್ದರೆ ಹಲಗೆಯ ಮೇಲೆ ಚಾಚಿಟ್ಟು ಚಾಕುವಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ, ತುಕ್ಕಿನ ಕ್ಲಾಂಪು-ಮೊಳೆ ಬೇರೆ ಮಾಡಿ ತೂಗಿಸಿ.